ಓ.ಓ.ಪಿ.ಯವರ ಪರಿಚಯ

ಮೈಕಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನು ಹಿಡಿದು ಕೂತು, "ನಮ್ಮ ಬೀದಿಗೆ ನೀರು ಬಂದಿಲ್ಲ" ಎನ್ನುವವರಿಗೆ "ಬರ್ತಾರೆ, ದಯವಿಟ್ಟು ಕಾಯಿರಿ" ಎಂದು ನೀರಿಗೂ ಬಹುವಚನ ಹಚ್ಚಿ ಸಮಾಧಾನ ಹೇಳುವುದು ಅವಳ ನೌಕರಿ. ಆದರೆ ಅದು ಹೊಟ್ಟೆಪಾಡಿನ ಮಾತು. ಅವಳು ನಿಜವಾಗಿ ಬದುಕುತ್ತಿದ್ದದ್ದು ಮೇಲಿನ ಮಹಡಿಯ ಸಭಾಂಗಣದಲ್ಲಿ, ವೇದಿಕೆಯ ಎಡಮೂಲೆಯಲ್ಲಿ, ಮೈಕಿನ ಎದುರಿಗೆ. ಯಾರ ವರ್ಗಾವಣೆಯಿರಲಿ, ಯಾರ ನಿವೃತ್ತಿಯಿರಲಿ, ಹೊಸ ಪಂಪಿನ ಉದ್ಘಾಟನೆಯಿರಲಿ, ನಿರೂಪಣೆ ಅವಳದೇ. ಮನೆಯಲ್ಲಿ ಅವಳ ಮಾತು ಕುಕ್ಕರಿನ ಕೂಗಿಗೋ, ಗಂಡನ ಆಕಳಿಕೆಗೋ ಅರ್ಧಕ್ಕೇ ತುಂಡಾಗುತ್ತಿತ್ತು. ಮೈಕಿನ ಮುಂದೆ ಮಾತ್ರ ಶುರುಮಾಡಿದ ವಾಕ್ಯ ಮುಗಿಯುತ್ತಿತ್ತು.

ಅಂಥ ಮೈಕು ಕೈತಪ್ಪಿಹೋಗಿತ್ತು. ಸ್ಟೋರ್‌ಕೀಪರನ ನಿವೃತ್ತಿಯ ದಿನ "ನಮ್ಮನ್ನು ಅಗಲುತ್ತಿರುವ" ಎನ್ನುವ ಕಡೆ ಅವಳ ಬಾಯಿಗೆ "ನಮ್ಮನ್ನು ಅಗಲಿದ" ಎಂದು ಬಂತು. ಅಷ್ಟಕ್ಕೇ ನಿಂತಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ನಾಲಿಗೆಗೂ ರೂಢಿಯ ದಾರಿಯೊಂದಿರುತ್ತದೆ. ಆ ಮಾತಿನ ಹಿಂದೆ ಬರಬೇಕಾದದ್ದು ತಾನಾಗಿಯೇ ಬಂತು: "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ." ಎಲ್ಲರೂ ಎದ್ದರು. ಸ್ಟೋರ್‌ಕೀಪರನೂ ಹೂಗುಚ್ಛ ಹಿಡಿದುಕೊಂಡೇ ಎದ್ದು, ತಲೆ ತಗ್ಗಿಸಿ, ಮೌನ ಮುಗಿಯುವವರೆಗೆ ಅಲುಗಾಡಲಿಲ್ಲ. ಶಿಸ್ತಿನ ಮನುಷ್ಯ. ಅವನ ಹೆಂಡತಿ ಮಾತ್ರ ಅಳುತ್ತಾ ಹೊರಗೆ ಹೋದಳು.

ಅಂದಿನಿಂದ ಮೈಕು ಅಕೌಂಟ್ಸ್ ವಿಭಾಗದ ಹುಡುಗಿಯ ಪಾಲಾಯಿತು. ಆ ಹುಡುಗಿ ಮೈಕಮ್ಮನನ್ನು "ಆಂಟಿ" ಎನ್ನುತ್ತಿದ್ದಳು. ಅದೂ ಮೈಕಿನಲ್ಲೇ.

ಹೀಗಿರುವಾಗ ಒಂದು ದಿನ ಮೈಕಮ್ಮ ರಜೆಯ ಅರ್ಜಿಗೆ ಸಹಿ ಹಾಕಿಸಲು ಮ್ಯಾನೇಜರ್ ಕೋಣೆಗೆ ಹೋದಳು. ಮ್ಯಾನೇಜರ್ ಸಾಹೇಬರದು ನುಂಗುಮಾತು. ವಾಕ್ಯದ ಮೊದಲರ್ಧ ಗಂಟಲಲ್ಲಿ ಉಳಿಯುತ್ತಿತ್ತು, ಕೊನೆಯರ್ಧ ಎದುರಿಗಿದ್ದ ಫೈಲಿಗೆ ಹೋಗುತ್ತಿತ್ತು. ನಡುವೆ ಉದುರಿದ್ದನ್ನು ಸಿಬ್ಬಂದಿ ಆರಿಸಿಕೊಳ್ಳಬೇಕು.

"ಬರೋ ವಾರ ಹೆಡ್ಡಾಫೀಸಿಂದ... ಹೊಸ... ಪ್ರೋಗ್ರಾಮು..." ಎಂದರು ಅವರು ಕಿಟಕಿಯ ಕಡೆ ನೋಡುತ್ತಾ. "ಅದಕ್ಕೆ ಮುಂಚೆ ನಮ್ಮ ಕಡೆಯಿಂದ ಒಬ್ರು ಓಓಪಿ ಪರಿಚಯ ಮಾಡ್ಕೊಡ್ಬೇಕಂತೆ. ಬೇಸಿಕ್ಸ್ ಅಷ್ಟೇ. ನಾನೇ ಮಾಡ್ಬೇಕಿತ್ತು... ಗಂಟಲು ಸರಿಯಿಲ್ಲ..."

ಅವರ ಗಂಟಲು ಯಾವತ್ತೂ ಸರಿಯಿರಲಿಲ್ಲ. ನಿಜವಾದ ಸಂಗತಿ ಏನೆಂದರೆ, ದೂರುಗಳನ್ನು ದಾಖಲಿಸಲು ಹೊಸ ಕಂಪ್ಯೂಟರ್ ವ್ಯವಸ್ಥೆ ಬರುವುದಿತ್ತು. ಅದನ್ನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯಲ್ಲಿ ಬರೆದಿದ್ದರು. ಓದಿದವರು ಅದನ್ನು ಚಿಕ್ಕದಾಗಿ ಓಓಪಿ ಎನ್ನುತ್ತಾರೆ. ಅದರ ಮೂಲ ವಿಚಾರಗಳನ್ನು ಸಿಬ್ಬಂದಿಗೆ ತಿಳಿಸಿಕೊಡಲಿ ಎಂದು ಮ್ಯಾನೇಜರನ್ನು ಮೊದಲೇ ತರಬೇತಿಗೆ ಕರೆಸಿದ್ದರು. ಆ ತಣ್ಣನೆಯ ಕೋಣೆಯಲ್ಲಿ ಅವರು ಸೊಗಸಾಗಿ ನಿದ್ದೆ ಮಾಡಿ ಬಂದಿದ್ದರು.

ಮೈಕಮ್ಮ ಆರಿಸಿಕೊಂಡದ್ದು ಇಷ್ಟೇ: ಪ್ರೋಗ್ರಾಮು, ಪರಿಚಯ, ಓ.ಓ.ಪಿ. ಪ್ರೋಗ್ರಾಮು ಎಂದರೆ ಸಮಾರಂಭ. ಪರಿಚಯ ಎಂದರೆ ಅತಿಥಿಯ ಪರಿಚಯ. ಇನ್ನು ಓ.ಓ.ಪಿ. ಯಾರು ಎಂದು ಅವಳು ಕೇಳಲಿಲ್ಲ. ಇಲಾಖೆಯಲ್ಲಿ ಮನುಷ್ಯ ದೊಡ್ಡವನಾದಷ್ಟೂ ಹೆಸರು ಸಣ್ಣದಾಗುತ್ತದೆ. ಹಿಂದಿನ ಚೀಫ್ ಎಂಜಿನಿಯರಿಗೆ ಮೂರಕ್ಷರ, ಅವರಿಗಿಂತ ಹಿಂದಿನವರಿಗೆ ಎರಡೇ.

"ನಾನಿದ್ದೀನಲ್ಲ ಸಾರ್," ಎಂದಳು.

"ನಿಮಗೆ ಓಓಪಿ ಗೊತ್ತಾ?"

"ಯಾರಿಗೆ ಗೊತ್ತಿಲ್ಲ ಸಾರ್. ತುಂಬಾ ಕೇಳಿದ್ದೀನಿ."

ಮ್ಯಾನೇಜರ್ ಮುಖದಲ್ಲಿ ಬಾಕಿ ನಿದ್ದೆಯೂ ಬಂದಷ್ಟು ನೆಮ್ಮದಿ ಕಂಡಿತು. "ಚೆನ್ನಾಗಿ ಮಾಡಿದ್ರೆ ವಾರ್ಷಿಕೋತ್ಸವಕ್ಕೂ ನೀವೇ... ಇಲ್ಲಾಂದ್ರೆ..." ಆ 'ಇಲ್ಲಾಂದ್ರೆ' ಒಂದು ಮಾತ್ರ ಅವರ ಜೀವಮಾನದಲ್ಲೇ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು.

ಯಾರನ್ನೇ ಪರಿಚಯಿಸಬೇಕಾದರೂ ಅವರ ಓದು, ಮಕ್ಕಳು, ಸ್ವಭಾವ ಗೊತ್ತಿರಬೇಕು. ಹೆಡ್ಡಾಫೀಸಿನ ಸುದ್ದಿಯೆಲ್ಲ ಮೊದಲು ಬಂದು ಇಳಿಯುವುದು ಕಂಪ್ಯೂಟರ್ ರೂಮಿನಲ್ಲಿ. ಅಲ್ಲಿನ ಆಪರೇಟರು ನಡುವಯಸ್ಸಿನವನು. ಕಿವಿಗೆ ಹೆಡ್‌ಫೋನು, ಕಣ್ಣು ಪರದೆಗೆ. ಮಾತಾಡಿಸಿದವರು ಗಂಡೋ ಹೆಣ್ಣೋ ಎಂದು ಕೂಡ ತಿರುಗಿ ನೋಡುವವನಲ್ಲ.

"ಓಓಪಿ ಬಗ್ಗೆ ಸ್ವಲ್ಪ ಹೇಳ್ತೀರಾ? ಪರಿಚಯ ಮಾಡ್ಕೊಡೋ ಕೆಲಸ ನನಗೆ ಬಂದಿದೆ."

"ಓ, ಅದಾ? ಹಳೇದೇ. ಆದ್ರೂ ಇವತ್ತಿಗೂ ಎಲ್ಲಾ ಕಡೆ ಅದೇ ನಡೆಯೋದು."

ಮೈಕಮ್ಮನ ಹುಬ್ಬು ಮೇಲೇರಿತು. "ಅದು ಇದು ಅನ್ಬೇಡಿ. ಅವರು ಅನ್ನಿ. ಹಿರಿಯರು."

ದೂರು ವಿಭಾಗದವರು ಪಂಪಿಗೂ ಪೈಪಿಗೂ ಮರ್ಯಾದೆ ಕೊಟ್ಟು ಮಾತಾಡುತ್ತಾರೆಂದು ಆಪರೇಟರಿಗೆ ಗೊತ್ತಿತ್ತು. ವಾದಕ್ಕಿಳಿಯಲಿಲ್ಲ. "ಸರಿ ಮೇಡಂ. ಅವರು."

"ಓದಿರೋದು ಯಾವ ಕ್ಲಾಸಿನ ತನಕ?"

"ಕ್ಲಾಸೇ ಎಲ್ಲಕ್ಕೂ ಮೂಲ. ಕ್ಲಾಸ್ ಇಲ್ದೆ ಓಓಪಿನೇ ಇಲ್ಲ. ಒಂದು ಕ್ಲಾಸ್ ಸರಿಯಾಗಿ ಮಾಡಿಟ್ರೆ, ಅದರಿಂದ ಎಷ್ಟು ಆಬ್ಜೆಕ್ಟ್ ಬೇಕಾದ್ರೂ ಆಚೆ ಬರ್ತವೆ."

'ಮೇಷ್ಟರಾಗಿದ್ದವರು' ಎಂದು ಮೈಕಮ್ಮ ಬರೆದುಕೊಂಡಳು. "ಸ್ವಭಾವ ಹೇಗೆ?"

"ಒಳಗಿನ ವಿಷಯ ಒಳಗೇ. ಹೊರಗಿನೋರು ನೇರವಾಗಿ ಕೈಹಾಕೋ ಹಾಗಿಲ್ಲ. ಏನು ಬೇಕು ಅಂತ ಕೇಳ್ಬೇಕು. ಕೇಳಿದ್ದಕ್ಕಷ್ಟೇ ಉತ್ತರ."

"ಗಂಭೀರ ಮನುಷ್ಯರು. ಮಕ್ಕಳು?"

"ಚೈಲ್ಡಾ? ಬೇಕಾದಷ್ಟು ಮಾಡ್ಕೋಬಹುದು."

ಮೈಕಮ್ಮ ಪೆನ್ನು ಕೆಳಗಿಟ್ಟಳು. "ಈ ವಯಸ್ಸಲ್ಲಾ?"

"ವಯಸ್ಸಿಗೇನು ಮೇಡಂ. ತಂದೆಯ ಗುಣ ಎಲ್ಲಾ ಮಕ್ಕಳಿಗೆ ತಾನಾಗೇ ಬಂದ್ಬಿಡುತ್ತೆ. ಮತ್ತೆ ಮೊದಲಿಂದ ಕಲಿಸೋ ತಾಪತ್ರಯ ಇಲ್ಲ. ಯಾವುದು ಸರಿಹೋಗಲ್ವೋ ಅದನ್ನ ಮಕ್ಕಳು ತಮಗೆ ಬೇಕಾದ ಹಾಗೆ ಬದಲಾಯಿಸ್ಕೋತಾರೆ. ಎಲ್ಲರಿಗೂ ಒಂದೇ ಮಾತು ಹೇಳಿ, ಒಬ್ಬೊಬ್ರೂ ತಮ್ಮ ತಮ್ಮ ರೀತೀಲಿ ಮಾಡ್ತಾರೆ."

"ಅದೇನು, ನಮ್ಮ ಮನೇಲೂ ಹಾಗೇನೇ," ಎಂದು ಮೈಕಮ್ಮ ನಿಟ್ಟುಸಿರಿಟ್ಟಳು.

ಮನೆಗೆ ಬಂದವಳೇ ಸೌಟು ಹಿಡಿದು ಅಭ್ಯಾಸಕ್ಕೆ ನಿಂತಳು. ಗಂಡನಿಗೆ ಕನ್ನಡಕದ ಅಂಗಡಿ. ದಿನವಿಡೀ ಜನರಿಂದ ಸಣ್ಣ ಅಕ್ಷರ ಓದಿಸಿ ಬರುವವನಿಗೆ ಮನೆಯಲ್ಲಿ ದೊಡ್ಡ ಮಾತು ಕೇಳುವ ತಾಳ್ಮೆ ಕಡಿಮೆ.

"ಅದೇನೇ ಓ ಓ ಪಿ? ಎರಡೆರಡು ಓ ಯಾಕೆ?"

"ಒಂದು ಊರಿಂದು, ಒಂದು ಅಪ್ಪಂದು. ಅಷ್ಟೂ ಗೊತ್ತಾಗಲ್ವೇನ್ರೀ."

"ಓ ಇಂದ ಶುರುವಾಗೋ ಊರು ಯಾವುದಿದೆ?"

"ಅಷ್ಟು ದೊಡ್ಡವರು ಅಂದ್ಮೇಲೆ ಊರು ಇಲ್ದೆ ಇರುತ್ತಾ?"

ಎದುರುಮನೆಯಲ್ಲಿದ್ದ ನಾದಿನಿ ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲಿಗೊರಗಿ ನಿಂತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಮತ್ತೆ ಮೈಕ್ ಕೊಟ್ರಾ ಅತ್ತಿಗೆ? ಈ ಸಲ ಬದುಕಿರೋರ್ನ ಬದುಕಿದ್ದಾರೆ ಅಂತಲೇ ಹೇಳಿಬಿಡಿ. ಪಾಪ, ಅವರಿಗೂ ಸಂಸಾರ ಇರುತ್ತೆ."

"ಇವರು ಬದುಕಿದ್ದಾರೆ ಕಣೇ. ಎಲ್ಲಾ ಕಡೆ ಅವರದೇ ನಡೆಯೋದಂತೆ."

"ಹಾಗಾದ್ರೆ ನಮ್ಮ ಬೀದಿಗೆ ನೀರು ಯಾಕೆ ಬರಲ್ಲ ಅಂತ ಅವರನ್ನೇ ಕೇಳಿ ನೋಡಿ."

ಮೈಕಮ್ಮನಿಗೆ ಹಠ ಬಂತು. ಕಾರ್ಯಕ್ರಮ ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಅಕೌಂಟ್ಸ್ ಹುಡುಗಿ ಆಂಟಿ ಎನ್ನುವುದನ್ನು ಮರೆಯಬೇಕು. ಮ್ಯಾನೇಜರ್ ಕೋಣೆಯ ದೊಡ್ಡ ತಿರುಗುವ ಕುರ್ಚಿಯನ್ನು ಹೊರಿಸಿ ವೇದಿಕೆಯ ನಡುಮಧ್ಯೆ ಇಡಿಸಿದಳು. ಅದರ ಬೆನ್ನಿಗೆ ಓ.ಓ.ಪಿ. ಎಂದು ಬರೆಸಿದ ರಟ್ಟು ಕಟ್ಟಿದಳು. ಹೂಗುಚ್ಛ ತರಿಸಿದಳು. ಇನ್ನೊಂದು ರಟ್ಟಿನ ಮೇಲೆ "ಓ.ಓ.ಪಿ.ಯವರಿಗೆ ಸ್ವಾಗತ" ಎಂದು ಬರೆದು, ಜೀಪಿನ ಡ್ರೈವರನಿಗೆ ಕೊಟ್ಟು ರೈಲ್ವೆ ಸ್ಟೇಷನ್ನಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಡ್ರೈವರನ ಫೋನು ಬಂತು. "ಮೇಡಂ, ಓ.ಓ.ಪಿ. ಸಿಕ್ಕಿದ್ರು. ಬೋರ್ಡು ನೋಡಿ ನಗ್ತಾ ನಗ್ತಾ ಬಂದು ಹತ್ತಿದ್ರು. ಆದ್ರೆ ಹೆಂಗಸು."

"ಮನೆಯವರಿರ್ಬೇಕು. ಹಿಂದಿನ ಸೀಟಲ್ಲಿ ಸಾಹೇಬ್ರು ಇದ್ದಾರಾ ನೋಡಿ."

"ಹಿಂದೆ ಒಂದು ಬ್ಯಾಗಿದೆ."

ಬಂದಿಳಿದವರು ಹೆಡ್ಡಾಫೀಸಿನ ಕಂಪ್ಯೂಟರ್ ವಿಭಾಗದ ಎಂಜಿನಿಯರಮ್ಮ. ಮೈಕಮ್ಮ ಅವರ ಭುಜದ ಮೇಲಿಂದ ಇಣುಕಿ ಜೀಪಿನೊಳಗೆ ನೋಡಿದಳು, ಜೀಪಿನ ಹಿಂದೆ ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು: "ಓಓಪಿ... ನಿಮ್ಮ ಜೊತೆ ಬರ್ಲಿಲ್ವಾ?"

ಎಂಜಿನಿಯರಮ್ಮ ತಮ್ಮ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿ ನಕ್ಕರು. "ಅದು ಯಾವಾಗಲೂ ನನ್ನ ಜೊತೆನೇ ಇರುತ್ತೆ. ಕಾಲೇಜಿಂದ ಅದರ ಜೊತೆನೇ ನನ್ನ ಸಂಸಾರ. ಪರಿಚಯ ನೀವು ಮಾಡ್ಕೊಡ್ತೀರಂತೆ. ಶುರು ಮಾಡಿ, ಆಮೇಲೆ ನಾನು ಮುಂದುವರಿಸ್ತೀನಿ."

ಪ್ರೇಮವಿವಾಹ, ಎಂದು ಮೈಕಮ್ಮ ಲೆಕ್ಕ ಹಾಕಿದಳು. ಗಂಡನನ್ನು 'ಅದು' ಎನ್ನುವಷ್ಟು ಸಲಿಗೆ ಅವಳಿಗೆ ಹಿಡಿಸಲಿಲ್ಲ. ಆದರೂ, ಇಷ್ಟು ವರ್ಷದ ಮೇಲೂ ನಗುತ್ತಾ ಹೇಳುತ್ತಾರಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು. ಸಾಹೇಬರು ಮುಂದಿನ ರೈಲಿಗೆ ಬರುತ್ತಿರಬೇಕು. ಅವರು ಬಾಗಿಲಿಗೆ ಬರುವ ಹೊತ್ತಿಗೆ ಪರಿಚಯ ಮುಗಿದಿದ್ದರೆ ಒಳ್ಳೆಯದೇ, ನೇರವಾಗಿ ಚಪ್ಪಾಳೆಯೊಳಗೇ ಕಾಲಿಡುತ್ತಾರೆ.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ತಮ್ಮ ಕುರ್ಚಿ ಕಳೆದುಕೊಂಡ ಮ್ಯಾನೇಜರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ಪಕ್ಕದಲ್ಲಿ ಯೂನಿಯನ್ ಲೀಡರು. ಅವರ ಹಿಂದೆ ಅಕೌಂಟ್ಸ್ ಹುಡುಗಿ, ಕೈಕಟ್ಟಿಕೊಂಡು. ಮೈಕಮ್ಮ ಮೈಕನ್ನು ಹಿಡಿದಳು. ಬಹಳ ದಿನದ ಮೇಲೆ ತವರಿಗೆ ಬಂದ ಮಗಳ ಕೈಯನ್ನು ಹಿಡಿದ ಹಾಗಿತ್ತು ಆ ಹಿಡಿತ.

"ಆತ್ಮೀಯರೇ, ಈ ಆಸನವನ್ನು ಇನ್ನೇನು ಅಲಂಕರಿಸಲಿರುವ ಓ.ಓ.ಪಿ.ಯವರು ಯಾರಿಗೆ ತಾನೇ ಗೊತ್ತಿಲ್ಲ? ಅವರಿಗೆ ಕ್ಲಾಸೇ ಉಸಿರು. ಕ್ಲಾಸು ಇಲ್ಲದೆ ಓ.ಓ.ಪಿ.ಯವರೇ ಇಲ್ಲ. ಅವರ ಒಂದೊಂದು ಕ್ಲಾಸಿನಿಂದಲೂ ಹೊರಬಂದವರು ಅಸಂಖ್ಯ. ಎಲ್ಲರೂ ಒಂದೇ ಅಚ್ಚಿನವರು, ಆದರೆ ಒಬ್ಬೊಬ್ಬರ ಹೆಸರು, ವಿಳಾಸ, ಹಣೆಬರಹ ಬೇರೆ ಬೇರೆ."

ಎಂಜಿನಿಯರಮ್ಮ ಪೆನ್ನು ತೆಗೆದು ಏನೋ ಗುರುತು ಹಾಕಿಕೊಂಡರು.

"ಅವರು ಮಿತಭಾಷಿ. ಒಳಗಿನ ವಿಷಯ ಹೊರಗೆ ಬಿಡುವವರಲ್ಲ. ನೇರವಾಗಿ ಅವರ ಒಳಗೆ ಕೈಹಾಕಲು ಯಾರಿಗೂ ಸಾಧ್ಯವಿಲ್ಲ. ಏನಿದ್ದರೂ ಕ್ರಮವಾಗಿ ಕೇಳಬೇಕು, ಕ್ರಮವಾಗಿ ಪಡೆಯಬೇಕು."

"ಮ್ಯಾನೇಜ್‌ಮೆಂಟ್ ಕಡೆಯೋರೇ," ಎಂದು ಯೂನಿಯನ್ ಲೀಡರು ಪಕ್ಕದವರಿಗೆ ಹೇಳಿದರು.

"ಇನ್ನು ಅವರ ಮಕ್ಕಳು. ಎಷ್ಟು ಎಂದು, ಕ್ಷಮಿಸಿ, ನನ್ನಿಂದ ಹೇಳಲಾಗದು. ತಂದೆಯ ಗುಣವೆಲ್ಲ ಆ ಮಕ್ಕಳಿಗೆ ತಾನಾಗಿಯೇ ಬಂದಿದೆ. ತಂದೆಯದು ಹಳೆಯ ಕಾಲದ್ದು ಅನ್ನಿಸಿದ ಕಡೆ ತಮ್ಮದೇ ರೀತಿ ಮಾಡಿಕೊಂಡಿದ್ದಾರೆ. 'ಕೆಲಸ ಮಾಡಿ' ಎಂದು ಅವರು ಒಂದೇ ಮಾತು ಹೇಳುತ್ತಾರೆ, ಒಬ್ಬ ಮಗ ಅಗೆಯುತ್ತಾನೆ, ಒಬ್ಬ ಬರೆಯುತ್ತಾನೆ, ಒಬ್ಬ ಓಡುತ್ತಾನೆ. ಎಲ್ಲರದೂ ಕೆಲಸವೇ. ಇಂಥ ಮಹನೀಯರ ಬಾಳಸಂಗಾತಿ ಇಂದು ನಮ್ಮ ನಡುವೆ ಇರುವುದು ನಮ್ಮ ಪುಣ್ಯ."

ಬಾಳಸಂಗಾತಿ ಎಂದು ತೋರಿಸಿದ ಕೈ ಎಂಜಿನಿಯರಮ್ಮನ ಕಡೆಗಿತ್ತು. ಅವರು ಬಿದ್ದು ಬಿದ್ದು ನಗುತ್ತಾ ವೇದಿಕೆ ಹತ್ತಿದರು. ಸಭೆ ಚಪ್ಪಾಳೆ ತಟ್ಟಿತು. ಮೈಕಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ.

"ನಾನು ಇಷ್ಟು ಶಾಖೆ ಸುತ್ತಿದ್ದೀನಿ, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ," ಎಂದರು ಎಂಜಿನಿಯರಮ್ಮ. "ಅದರಲ್ಲೂ ಈ ಖಾಲಿ ಕುರ್ಚಿ. ಇಲ್ಲಿ ಯಾರೂ ಕೂತಿಲ್ಲ, ಆದ್ರೂ ಅತಿಥಿ ಅಂದ್ರೆ ಹೇಗಿರ್ತಾರೆ ಅಂತ ನಮಗೆಲ್ಲ ಗೊತ್ತು. ಹೆಸರು ಇರುತ್ತೆ, ಹೂಗುಚ್ಛ ತಗೋತಾರೆ, ಭಾಷಣ ಮಾಡ್ತಾರೆ. ಆ ನಮೂನೆಗೇ ಕ್ಲಾಸ್ ಅನ್ನೋದು. ನಿಜವಾಗಿ ಒಬ್ರು ಬಂದು ಕೂತಾಗ ಅವರು ಆಬ್ಜೆಕ್ಟ್. ಮೇಡಂ, ಯಾರನ್ನಾದ್ರೂ ಕೂರಿಸ್ತೀರಾ?"

ಮೈಕಮ್ಮನಿಗೆ ಏನೂ ತಿಳಿಯಲಿಲ್ಲ. ಆದರೆ ಖಾಲಿ ಕುರ್ಚಿ ಕಂಡರೆ ಮ್ಯಾನೇಜರನ್ನು ಕರೆಯುವುದು ಅವಳ ಬಾಯಿಗೆ ಕಂಠಪಾಠ. ಕರೆದಳು. ಮ್ಯಾನೇಜರ್ ಎದ್ದು ಬಂದು ತಮ್ಮದೇ ಕುರ್ಚಿಯಲ್ಲಿ ಅತಿಥಿಯಂತೆ ಕೂತು, ಹೂಗುಚ್ಛ ಪಡೆದು, "ಎರಡು ಮಾತು" ಎಂದು ನುಂಗಿದರು.

ಎಂಜಿನಿಯರಮ್ಮ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. "ಇದೇ ನಮ್ಮ ಓಓಪಿ. ಇನ್ಮೇಲೆ ಕಂಪ್ಯೂಟರಿನಲ್ಲಿ 'ದೂರು' ಅನ್ನೋದೊಂದು ಕ್ಲಾಸು. ಇವತ್ತು ಬಂದ ಒಂದೊಂದು ದೂರೂ ಒಂದೊಂದು ಆಬ್ಜೆಕ್ಟು. 'ನೀರು ಬಂದಿಲ್ಲ', 'ಪೈಪ್ ಒಡೆದಿದೆ', ಇವೆಲ್ಲ ಅದರ ಮಕ್ಕಳು. ಎಲ್ಲದಕ್ಕೂ ನಾವು 'ಸರಿಪಡಿಸು' ಅಂತಲೇ ಹೇಳೋದು, ಒಂದೊಂದು ಒಂದೊಂದು ಥರ ಸರಿಹೋಗುತ್ತೆ. ಗ್ರಾಹಕರ ಫೋನ್ ನಂಬರು ಒಳಗೆ ಭದ್ರ, ಕೇಳೋ ದಾರೀಲೇ ಕೇಳ್ಬೇಕು."

ಹಲಗೆಯ ಮೇಲಿನ ಮೂರು ಮಾತುಗಳನ್ನೂ ಮೈಕಮ್ಮ ಒಂದೊಂದಾಗಿ ಓದಿದಳು. ಇಂಗ್ಲಿಷಿನ ಮೊದಲಕ್ಷರಗಳನ್ನು ಮನಸ್ಸಿನಲ್ಲೇ ಜೋಡಿಸಿದಳು. ಮೈಕು ಕೈಯಲ್ಲಿತ್ತು, ಮಾತು ಬರಲಿಲ್ಲ. ಅಂಥದ್ದು ಆ ಸಭಾಂಗಣದಲ್ಲಿ ಹಿಂದೆ ಎಂದೂ ನಡೆದಿರಲಿಲ್ಲ.

ಅಷ್ಟು ಸಾಕಾಯಿತು ಅಕೌಂಟ್ಸ್ ಹುಡುಗಿಗೆ. ಎದ್ದು ನಿಂತಳು. "ಆಂಟಿ, ನೀವು ಓಓಪಿ ಅಂದ್ರೆ ಮನುಷ್ಯ ಅಂದ್ಕೊಂಡಿದ್ರಾ?"

ಮೈಕಮ್ಮ ಬಾಗಿಲ ಕಡೆ ನೋಡಿದಳು. ಬರುವವರು ಯಾರೂ ಇಲ್ಲವೆಂದು ಈಗ ಖಾತ್ರಿಯಾಗಿತ್ತು. ಮೈಕನ್ನು ಬಾಯಿಗೆ ಹತ್ತಿರ ತಂದಳು. ಹೇಳುವುದು ಏನೇ ಇರಲಿ, ಕೊನೆಯ ಸಾಲಿಗೆ ಕೇಳಬೇಕು.

"ಹೌದಮ್ಮ. ಅವರಿಗೆ ಅಂತ ಗೆಸ್ಟ್ ರೂಮಲ್ಲಿ ಹಾಸಿಗೆಯೂ ಹಾಕ್ಸಿದ್ದೀನಿ."

ಸಭೆ ನಕ್ಕು ನಕ್ಕು ಉರುಳಾಡಿತು. ಮ್ಯಾನೇಜರ್ ತಿರುಗುವ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿಬಿಟ್ಟರು. ಹಾಗಾದರೆ ಸ್ಟೇಷನ್ನಿನಿಂದ ಕರೆತಂದ ನಾನು ಯಾರು ಎಂದು ಎಂಜಿನಿಯರಮ್ಮ ಕೇಳಿದರು. "ಓಓಪಿಯವರ ಮನೆಯವರು" ಎಂದು ಹಿಂದಿನಿಂದ ಡ್ರೈವರನೇ ಉತ್ತರ ಕೊಟ್ಟ. ನಗು ನಿಂತ ಮೇಲೆ ಎಂಜಿನಿಯರಮ್ಮ ಕಣ್ಣೊರೆಸಿಕೊಂಡು ಪ್ರಶ್ನೆ ಕೇಳಿದರು. ಕ್ಲಾಸ್ ಯಾವುದು, ಆಬ್ಜೆಕ್ಟ್ ಯಾವುದು, ಮಕ್ಕಳಿಗೆ ಏನು ಬರುತ್ತದೆ. ಯೂನಿಯನ್ ಲೀಡರು ಸಮೇತ ಎಲ್ಲರೂ ಸರಿಯಾಗಿ ಹೇಳಿದರು. ಮ್ಯಾನೇಜರ್ ಒಬ್ಬರು ಮಾತ್ರ, ಅವರು ಆಬ್ಜೆಕ್ಟ್ ಆಗಿದ್ದರಿಂದ, ಮಾತಾಡಲಿಲ್ಲ.

ಆದರೂ ನಗುವಿಗೆ ಒಂದು ಬೆಲೆ ತೆರಬೇಕಾಯಿತು. ಮಾರನೇ ದಿನ ಮ್ಯಾನೇಜರ್ ಕರೆದು ನುಂಗಿದರು: "ವಾರ್ಷಿಕೋತ್ಸವಕ್ಕೆ ಮಂತ್ರಿಗಳು... ರಿಸ್ಕು... ಅಕೌಂಟ್ಸ್ ಹುಡುಗೀನೇ ಇರ್ಲಿ." ಮೈಕಮ್ಮ ತಲೆಯಾಡಿಸಿ ತನ್ನ ಫೋನಿನ ಮುಂದೆ ಬಂದು ಕೂತಳು. ಆ ದಿನ ನೀರಿನ ಬಗ್ಗೆ ಮಾತಾಡುವಾಗ ಅವಳು ಏಕವಚನ ಬಳಸಿದಳೆಂದು ಗ್ರಾಹಕರೊಬ್ಬರು ದೂರು ಕೊಟ್ಟರಂತೆ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಊರಿಗೆ ಹೊರಟಿದ್ದ ಎಂಜಿನಿಯರಮ್ಮ ಬ್ಯಾಗು ಹಿಡಿದುಕೊಂಡು ದೂರು ವಿಭಾಗಕ್ಕೆ ಬಂದರು. ಹೊಸ ವ್ಯವಸ್ಥೆಯಲ್ಲಿ ಫೋನು ಮಾಡಿದವರಿಗೆಲ್ಲ ಮೊದಲು ಒಂದು ದನಿ ಕೇಳಿಸಬೇಕು, ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕು.

"ನಿಮ್ಮ ದನಿ ಬೇಕಿತ್ತು ಮೇಡಂ. ನಿಮಗೆ ಹೇಗನ್ನಿಸುತ್ತೋ ಹಾಗೆ ಮಾತಾಡಿ."

ಆ ಕೊನೆಯ ವಾಕ್ಯವನ್ನು ಅವರು ಹೇಳಬಾರದಿತ್ತು. ಬಾಗಿಲು ಮುಚ್ಚಿದ ಕೋಣೆ, ಎದುರಿಗೆ ಮೈಕು, ನಡುವೆ ಬಾಯಿ ಹಾಕಲು ಒಂದು ನರಪಿಳ್ಳೆಯೂ ಇಲ್ಲ. ಮೈಕಮ್ಮ "ಆತ್ಮೀಯ ಗ್ರಾಹಕ ಬಂಧುಗಳೇ" ಎಂದು ಆರಂಭಿಸಿದಳು. ಕಚೇರಿಯ ಇತಿಹಾಸ ಹೇಳಿದಳು. ಕೆರೆಯಿಂದ ನಲ್ಲಿಯವರೆಗಿನ ನೀರಿನ ಪ್ರಯಾಣವನ್ನು ವರ್ಣಿಸಿದಳು. ದೂರಿನ ಒಂದೊಂದು ಮಗುವಿಗೂ ಬೇರೆ ಬೇರೆ ಧಾಟಿ: ನೀರು ಬಾರದವರಿಗೆ ಸಾಂತ್ವನ, ಪೈಪು ಒಡೆದವರಿಗೆ ಆತಂಕ, ನೀರು ಜಾಸ್ತಿ ಬಂದವರಿಗೆ ಹೃತ್ಪೂರ್ವಕ ಅಭಿನಂದನೆ. ಎಂಜಿನಿಯರಮ್ಮ ಆ ಹೊತ್ತಿಗೆ ರೈಲು ಹತ್ತಿದ್ದರು. ಆಪರೇಟರು ಹೆಡ್‌ಫೋನಿನಲ್ಲಿ ಬೇರೇನನ್ನೋ ಕೇಳುತ್ತಾ ಎಲ್ಲವನ್ನೂ ಹಾಗೇ ಒಳಗೆ ಸೇರಿಸಿಬಿಟ್ಟ.

ತಿಂಗಳು ಕಳೆಯುವಷ್ಟರಲ್ಲಿ ದೂರುಗಳು ಅರ್ಧಕ್ಕರ್ಧ ಇಳಿದವು. ನೀರಿನ ಸರಬರಾಜು ಅಸಾಧಾರಣವಾಗಿ ಸುಧಾರಿಸಿದೆ ಎಂದು ಹೆಡ್ಡಾಫೀಸು ಶಾಖೆಯನ್ನು ಮೆಚ್ಚಿ ಬರೆಯಿತು. ಆ ಪತ್ರವನ್ನು ವಾರ್ಷಿಕೋತ್ಸವದಲ್ಲಿ ಅಕೌಂಟ್ಸ್ ಹುಡುಗಿ ಮೈಕಿನಲ್ಲಿ ಓದಿದಳು. ಮೈಕಮ್ಮ ಕೆಳಗೆ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಹುಡುಗಿಯ ಮೈಕಿನ ವ್ಯಾಪ್ತಿ ಈ ಗೋಡೆಯಿಂದ ಆ ಗೋಡೆಯವರೆಗೆ. ಪಾಪ, ಚಿಕ್ಕವಳು.

ಅಂದು ಸಂಜೆ ಅವಳು ಮನೆಗೆ ಬಂದಾಗ ನಾದಿನಿ ಖಾಲಿ ಬಕೆಟ್ಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಅತ್ತಿಗೆ, ಬೆಳಗ್ಗೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ನೀವು ಕೆರೆ ದಾಟಿ ಪಂಪ್‌ಹೌಸಿಗೆ ಬರೋ ಹೊತ್ತಿಗೆ ಒಲೆ ಮೇಲಿನ ಹಾಲು ಉಕ್ಕಿತು, ಫೋನ್ ಇಟ್ಬಿಟ್ಟೆ. ಅದಕ್ಕೆ ನಿಮಗೇ ಹೇಳೋಣ ಅಂತ ಬಂದೆ. ನಮ್ಮನೇಲಿ ನೀರಿಲ್ಲ."

"ಪಂಪ್‌ಹೌಸಿನ ತನಕ ಕೇಳಿದ್ಯಾ?" ಮೈಕಮ್ಮನ ಮುಖ ಅರಳಿತು. "ಛೆ, ಅದರ ಮುಂದಿನದೇ ಚೆನ್ನಾಗಿರೋದು ಕಣೇ."

ನಾದಿನಿ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತಳು.